ಸೋಂಕು ವಾಸಿಯಾದ ಮೇಲೂ ಉಳಿದ ಮರೆವು: ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ: ನನ್ನ ತಂದೆಯವರಿಗೆ 74 ವರ್ಷ. ಕಳೆದ ತಿಂಗಳು ಮೂತ್ರನಾಳದ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯಿಡೀ ಅಸಂಬದ್ಧವಾಗಿ ಮಾತನಾಡುತ್ತಿದ್ದರು. ಸೋಂಕು ವಾಸಿಯಾಗಿದೆ, ಆದರೆ ಬೆಳಿಗ್ಗೆ ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ಕೇಳುತ್ತಾರೆ. ಇದು ಮಿದುಳಿನ ಉರಿಯೂತ, ಅರಿಶಿನದ ಕರ್ಕ್ಯುಮಿನ್ ಕ್ಯಾಪ್ಸೂಲ್‌ನಿಂದ ಸರಿಹೋಗುತ್ತದೆ ಎಂದು ನೆಂಟರೊಬ್ಬರು ಹೇಳುತ್ತಾರೆ. ತಂದೆಯವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಉತ್ತರ (ನರರೋಗ ತಜ್ಞರು): ನಿಮ್ಮ ನೆಂಟರು ಹೇಳಿದ ಕಾರಣದಲ್ಲಿ ಹುರುಳಿದೆ, ಆದರೆ ಆ ಕ್ಯಾಪ್ಸೂಲನ್ನು ದಯವಿಟ್ಟು ಕೊಡಬೇಡಿ. ಸೋಂಕು ಮೂತ್ರನಾಳದಲ್ಲಿದ್ದರೂ, ಅದರ ವಿರುದ್ಧ ದೇಹವು ರಕ್ತಕ್ಕೆ ಬಿಡುವ, ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್‌ಗಳಾದ ಸೈಟೊಕೈನ್‌ಗಳ ಪ್ರಭಾವ ಮಿದುಳಿಗೂ ತಲುಪುತ್ತದೆ. ಆಗ ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೆರಳಿ, ತಾವೂ ಇಂಟರ್‌ಲ್ಯೂಕಿನ್-1 ಬೀಟಾದಂತಹ ವಸ್ತುಗಳನ್ನು ಸ್ರವಿಸುತ್ತವೆ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನಲ್ಲಿ ಇವು ಹೆಚ್ಚಾದಾಗ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದಿಲ್ಲ. ಆದ್ದರಿಂದಲೇ ತಮ್ಮ ಮದುವೆಯ ದಿನವನ್ನು ಸವಿವರವಾಗಿ ಹೇಳಬಲ್ಲವರಿಗೂ ಬೆಳಗಿನ ಮಾತ್ರೆ ನೆನಪಿರುವುದಿಲ್ಲ. ವಯಸ್ಸಾದವರಲ್ಲಿ ಈ ಕೋಶಗಳು ಬೇಗ ಕೆರಳಿ ನಿಧಾನವಾಗಿ ತಣಿಯುತ್ತವೆ. ಆಸ್ಪತ್ರೆಯಲ್ಲಿ ಕಂಡ, ಹಠಾತ್ ಗೊಂದಲದ ಸ್ಥಿತಿಯಾದ ಡೆಲಿರಿಯಮ್‌ನ ಮಬ್ಬು ಕೆಲವರಲ್ಲಿ ಪೂರ್ತಿ ಕಳೆಯಲು ತಿಂಗಳುಗಳೇ ಬೇಕಾಗುತ್ತವೆ.

ಇನ್ನು ಕರ್ಕ್ಯುಮಿನ್. ಇಲಿಗಳಲ್ಲಿ ಇದು ಮೈಕ್ರೋಗ್ಲಿಯಾವನ್ನು ತಣಿಸುತ್ತದೆ, ಆದರೆ ಮನುಷ್ಯರ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಕರಿಮೆಣಸಿನ ಪೈಪರಿನ್ ಜೊತೆಗಿದ್ದರೆ ಹೀರಿಕೆ ಹಲವು ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆದರೆ ಪೈಪರಿನ್ ಹಾಗೆ ಮಾಡುವುದು ಔಷಧಗಳನ್ನು ಒಡೆಯುವ ಕಿಣ್ವಗಳನ್ನು ತಡೆದು. ಹಾಗಾಗಿ ನಿಮ್ಮ ತಂದೆಯವರ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಿ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಇಂತಹ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ದಾಖಲಾಗಿವೆ. 2018ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡಿಮೆನ್ಷಿಯಾ ಇಲ್ಲದ 40 ಜನರಿಗೆ, ಸುಲಭವಾಗಿ ಹೀರಲ್ಪಡುವ ಕರ್ಕ್ಯುಮಿನ್ ಅಥವಾ ಹುಸಿಮಾತ್ರೆಯನ್ನು 18 ತಿಂಗಳು ಕೊಟ್ಟಾಗ, ಕರ್ಕ್ಯುಮಿನ್ ಪಡೆದವರ ನೆನಪು ಸುಧಾರಿಸಿತು. ಅಷ್ಟು ಸಣ್ಣ ಅಧ್ಯಯನವನ್ನು ನಂಬಿ ನಾನು ಈ ಅಪಾಯವನ್ನು ಒಪ್ಪಲಾರೆ. ಆಲ್ಝೈಮರ್ ರೋಗಿಗಳ ಮೇಲಿನ ಅದಕ್ಕೂ ಹಿಂದಿನ ಪ್ರಯೋಗದಲ್ಲಂತೂ ಪ್ರಯೋಜನ ಕಾಣಲಿಲ್ಲ.

ಮರುಪ್ರಶ್ನೆ: ಹಾಗಾದರೆ ಒಂದೆಲಗದ ತಂಬುಳಿ, ಸಾರಿಗೆ ಹಾಕುವ ಅರಿಶಿನವನ್ನೂ ನಿಲ್ಲಿಸಬೇಕೇ?

ಉತ್ತರ: ಬೇಡ, ಅಡುಗೆಯ ಪ್ರಮಾಣದಲ್ಲಿ ಧಾರಾಳವಾಗಿ ಬಳಸಿ; ಅದನ್ನು ಔಷಧವೆಂದು ನೆಚ್ಚಿಕೊಳ್ಳಬೇಡಿ. ಅದಕ್ಕಿಂತ ಮುಖ್ಯವಾಗಿ ಬಿ-12, ಥೈರಾಯ್ಡ್ ಮತ್ತು ಸೋಡಿಯಂ ಪರೀಕ್ಷೆ ಮಾಡಿಸಿ. ನಿದ್ರೆಗೆ ಅಥವಾ ಪದೇಪದೇ ಮೂತ್ರ ಬರುವುದಕ್ಕೆ ಕೊಟ್ಟ ಮಾತ್ರೆಗಳಿದ್ದರೆ ವೈದ್ಯರಿಗೆ ತೋರಿಸಿ, ಏಕೆಂದರೆ ಅವುಗಳಲ್ಲಿ ಕೆಲವು ತಾವೇ ಮರೆವು ತರುತ್ತವೆ. ಹಗಲಿನಲ್ಲಿ ನಡಿಗೆ, ಇರುಳಿನಲ್ಲಿ ಅಡಚಣೆಯಿಲ್ಲದ ನಿದ್ರೆ, ಕಣ್ಣಿಗೆ ಸರಿಯಾದ ಕನ್ನಡಕ ಇವೆಲ್ಲ ಚೇತರಿಕೆಗೆ ನಿಜವಾಗಿಯೂ ನೆರವಾಗುತ್ತವೆ.

ಆದರೆ ಜ್ವರದೊಂದಿಗೆ ಮಂಪರು, ಫಿಟ್ಸ್ ಅಥವಾ ಮಾತಿನ ತೊದಲು ಕಂಡರೆ, ಅದು ಮಿದುಳಿಗೇ ವೈರಸ್ ತಗುಲಿದ ಎನ್ಸೆಫಲೈಟಿಸ್ ಇರಬಹುದು. ಹರ್ಪಿಸ್ ವೈರಸ್‌ನಿಂದ ಬಂದದ್ದಾದರೆ ಏಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧದ ಚಿಕಿತ್ಸೆ ತಡವಾದಷ್ಟೂ ನೆನಪಿಗೆ ಶಾಶ್ವತ ಹಾನಿಯಾಗುವ ಸಂಭವ ಹೆಚ್ಚು. ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.