ಸಹಾಯ ಬೇಕು: 190 ಲೀಟರ್ ಉಪ್ಪುನೀರಿನ ಟ್ಯಾಂಕ್, ಬರೀ ಮೀನೋ, ಮೆದು ಹವಳವೂ ಸೇರಲೋ?

ನಮಸ್ಕಾರ. ಮಂಗಳೂರಿನ ಮನೆಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್. ಬಂಡೆ, ಮೀನು ಮಾತ್ರ ಇಡೋದೋ, ಮೆದು ಹವಳವನ್ನೂ ಸೇರಿಸೋದೋ ತೀರ್ಮಾನವಾಗಬೇಕು. ಗಟ್ಟಿ ಹವಳ ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಅಂಗಡಿಯವರು ಕೊಡ್ತೀವಿ ಅಂದರೂ ತಗೊಳ್ಳಬಾರದು. ಸಮುದ್ರದಿಂದ ಕಿತ್ತ ಬಂಡೆಯೂ ಬೇಡ, ಒಣ ಬಂಡೆ ಸಾಕು.

ದೊಡ್ಡ ತಲೆನೋವು ಸೆಕೆಯದ್ದು. ಏಪ್ರಿಲ್‌ನಲ್ಲಿ ಕೋಣೆಯಲ್ಲಿಟ್ಟ ಬಕೆಟ್ ನೀರೇ 30 ಡಿಗ್ರಿ ತೋರಿಸುತ್ತೆ, ಅದರ ಮೇಲೆ ಪಂಪು, ಲೈಟಿನ ಬಿಸಿ. ಹವಳಕ್ಕೆ 25–26 ಇದ್ದರೆ ಒಳ್ಳೇದು. ಕರಾವಳಿಯ ತೇವದ ಗಾಳಿಯಲ್ಲಿ ಫ್ಯಾನ್ ಹಾಕಿದರೂ ನೀರು ಬೇಗ ಆವಿಯಾಗಲ್ಲ, ಹಾಗಾಗಿ ತಣಿಯೋದೂ ಕಮ್ಮಿ.

ಇನ್ನೊಂದು, ಮೀನಿಗೆ ಬರೋ ಬಿಳಿಚುಕ್ಕಿ ರೋಗ. ತಾಮ್ರದ ಔಷಧಿ ಹಾಕಿದರೆ ಸಿಗಡಿ, ಬಸವನಹುಳು, ಹವಳ ಎಲ್ಲಾ ಸಾಯುತ್ತವೆ. ಬಂಡೆ, ಮರಳು ತಾಮ್ರ ಹೀರಿಕೊಂಡು ಆಮೇಲೂ ಬಿಡುತ್ತವೆ. ಅದಕ್ಕೇ ಕಾಯಿಲೆ ಮೀನಿನ ಚಿಕಿತ್ಸೆಗೆ 40 ಲೀಟರಿನ ಬೇರೆ ಟ್ಯಾಂಕ್ ಲೆಕ್ಕದಲ್ಲಿದೆ.

ಆರ್‌ಓ ನೀರು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಸಾಂದ್ರತೆ 1.025, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗೆ ಬರೋತನಕ ಮೀನಿಲ್ಲ: ಇಷ್ಟು ನಿಶ್ಚಯ. ಆವಿಯಾದಷ್ಟಕ್ಕೆ ಸಿಹಿನೀರೇ.

ಕರಾವಳಿಯಲ್ಲಿ ಇಟ್ಟಿರೋರು ದಯವಿಟ್ಟು ತಿಳಿಸಿ: ಚಿಲ್ಲರ್ (ನೀರು ತಣಿಸೋ ಯಂತ್ರ) ಇಲ್ಲದೆ ಮೆದು ಹವಳ ಬೇಸಿಗೆ ದಾಟಿದೆಯಾ? ಈ ಅಳತೆಗೆ ಎಷ್ಟು ಎಚ್‌ಪಿ ಚಿಲ್ಲರ್ ಸಾಕು? ಮಳೆಗಾಲದಲ್ಲಿ ನಾಲ್ಕೈದು ಗಂಟೆ ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಒಂದೇ ಸಾಕಾಗುತ್ತಾ, ಇಲ್ಲಾ ವೇವ್‌ಮೇಕರನ್ನೂ (ಟ್ಯಾಂಕಿನೊಳಗೆ ನೀರು ಹರಿಸೋ ಪಂಪು) ಇನ್ವರ್ಟರ್‌ಗೆ ಹಾಕಬೇಕಾ?