ಪಾಯಿಂಟ್ 22 ರೈಫಲ್: ಚೌತಿಯ ನಂತರ ಗುಂಡುಗಳು ಚದುರುತ್ತಿವೆ, ಯಾವ ತೋಟೆ ಕೊಳ್ಳಲಿ?

ಕೂಳೂರು ಗುರಿಗಾರ | 14 ಸೆಪ್ಟೆಂಬರ್ 2024, ರಾತ್ರಿ 9.40

ತಲೆ ಕೆಟ್ಟುಹೋಗಿದೆ. ಚೌತಿಯ ಮರುದಿನ ಒಮ್ಮೆ, ಇವತ್ತು ಇನ್ನೊಮ್ಮೆ ರೇಂಜಿಗೆ ಹೋಗಿ ಒಟ್ಟು 100 ತೋಟೆ ಖಾಲಿ ಮಾಡಿ ಬಂದೆ. 50 ಮೀಟರಿನಲ್ಲಿ ಐದು ಗುಂಡುಗಳ ಗುರುತನ್ನೂ ಒಂದು ಹತ್ತು ರೂಪಾಯಿ ನಾಣ್ಯದಿಂದ ಮುಚ್ಚಬಹುದಾಗಿದ್ದ ಕೋವಿ ಇದು. ಈಗ ಚಹಾ ಲೋಟದ ಬಾಯಿಯಷ್ಟು ಅಗಲಕ್ಕೆ ಹರಡುತ್ತಿದೆ. ಸ್ಕೋಪ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಸಾಲದ್ದಕ್ಕೆ ಮೂರು ತೋಟೆಗಳು ಸಿಡಿಯಲೇ ಇಲ್ಲ. ಒಳ್ಳೆಯ ತೋಟೆ ಯಾವುದು, ಹೇಳಿ. ಮುಂದಿನ ತಿಂಗಳು ಕ್ಲಬ್ಬಿನ ಸ್ಪರ್ಧೆ ಇದೆ.

ಕಾರ್ಕಳ 50 ಮೀಟರ್ | ರಾತ್ರಿ 9.58

ಬೇರೆ ಮಾತೇ ಬೇಡ, ಇದು ತೋಟೆಯದೇ ತೊಂದರೆ. ನೀವು ಹೈ ವೆಲಾಸಿಟಿ ತೋಟೆ ಹಾಕಿದ್ದೀರಿ ಎಂದು ನನ್ನ ಅಂದಾಜು. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಬಿದ್ದು, 50 ಮೀಟರ್ ತಲುಪುವ ಮೊದಲೇ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆ ಗಡಿ ದಾಟುವಾಗ ಗುಂಡು ನಡುಗುತ್ತದೆ. ನಮ್ಮ ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಶಬ್ದದ ವೇಗ ಸುಮಾರು 349 ಮೀಟರ್. ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ತೋಟೆಗಳು 320ರಿಂದ 330ರೊಳಗೆ ಇರುವುದರಿಂದ ಅವಕ್ಕೆ ಈ ಕಾಟವಿಲ್ಲ. ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು, ಬರೆಯಿರಿ.

ಮಣಿಪಾಲ ಪ್ರೋನ್ | ರಾತ್ರಿ 10.15

ಕಾರ್ಕಳದವರ ಮಾತು ಸರಿ. ನಾನು ಆನ್‌ಶುಟ್ಸ್ ರೈಫಲ್ಲಿಗೆ ನಾಲ್ಕು ಬಗೆಯ ತೋಟೆ ಹಾಕಿ ನೋಡಿ ಕಡೆಗೆ ಎಲಿ ಟೆನೆಕ್ಸಿನಲ್ಲೇ ನಿಂತೆ. ನನ್ನದರ ಸ್ಟಾಕ್ (ನಳಿಗೆ ಕೂರುವ, ಭುಜಕ್ಕೆ ಒತ್ತುವ ಭಾಗ) ಅಲ್ಯೂಮಿನಿಯಂನದ್ದು, ಕೆನ್ನೆಪಟ್ಟಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ಗುರಿಯ ಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 10.4 ಮಿಲಿಮೀಟರ್, ಅಲ್ಲಿ ಅಗ್ಗದ ತೋಟೆಗೆ ಜಾಗವಿಲ್ಲ. ಕಳೆದ ತಿಂಗಳು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್ನಿನಲ್ಲಿ ಕಂಚು ಗೆದ್ದದ್ದನ್ನು ನೋಡಿದಿರಲ್ಲ, ಆ ಮಟ್ಟಕ್ಕೆ ಸಲಕರಣೆಯೂ ಬೇಕು. ನಿಮ್ಮದು ಯಾವ ರೈಫಲ್?

ಕೂಳೂರು ಗುರಿಗಾರ | ರಾತ್ರಿ 10.31

ಹೇಳಲು ಮರೆತೆ. ಅಜ್ಜನ ಕಾಲದ, ಚೆಕ್ ದೇಶದ ಬೋಲ್ಟ್ ರೈಫಲ್ (ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಹಿಂದೆಳೆದು ತೋಟೆ ತುಂಬುವಂಥದ್ದು), ಮರದ ಸ್ಟಾಕ್, ಐದು ತೋಟೆಯ ಮ್ಯಾಗಜಿನ್. ವಾರಸುದಾರನಾಗಿ ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ. ತೋಟೆ ಹೈ ವೆಲಾಸಿಟಿ ಅಲ್ಲ, ಸಾಮಾನ್ಯ ವೇಗದ್ದು. ಫೆಬ್ರವರಿಯಲ್ಲಿ ಇದೇ ಲಾಟ್ ಹಾಕಿದ್ದೆ, ಆಗ ಚೆನ್ನಾಗಿತ್ತು.

ಕಾರ್ಕಳ 50 ಮೀಟರ್ | ರಾತ್ರಿ 10.44

ಹಾಗಾದರೆ ಆ ಲಾಟ್ ಮಳೆಗಾಲದಲ್ಲಿ ಕೆಟ್ಟಿದೆ. ಪಾಯಿಂಟ್ 22ರಂಥ ರಿಮ್‌ಫೈರ್ ತೋಟೆಯಲ್ಲಿ ಸಿಡಿಮದ್ದು ತಳದ ಅಂಚಿನ ಮಡಿಕೆಯೊಳಗೆ ತೆಳ್ಳಗೆ ಹರಡಿರುತ್ತದೆ, ಗುಂಡಿನ ಮೇಲೆ ಮೇಣವಿರುತ್ತದೆ. ಪೆಟ್ಟಿಗೆ ಎಲ್ಲಿಟ್ಟಿದ್ದಿರಿ? ಮೂರು ಸಿಡಿಯಲಿಲ್ಲ ಎಂದರೆ ಸಾಕ್ಷಿ ಅಲ್ಲೇ ಇದೆ. ಬೇರೆ ಲಾಟಿನ ಎರಡು ಪೆಟ್ಟಿಗೆ ತಂದು ಹೊಡೆದು ನೋಡಿ. ಮೇಣ ಬದಲಾದಾಗ ನಳಿಗೆ ಹೊಂದಿಕೊಳ್ಳಬೇಕು, ಮೊದಲ ಇಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಲ್ಪೆ ಗಾಳಿ | ರಾತ್ರಿ 11.02

ಸಿಡಿಯದ ತೋಟೆಯನ್ನು ಕೂಡಲೇ ಹೊರಗೆಳೆಯಲಿಲ್ಲವಷ್ಟೇ? ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಲೇಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೊರತೆಗೆದ ತೋಟೆಯ ಅಂಚಿನಲ್ಲಿ, ಅದಕ್ಕೆ ಬಡಿಯುವ ಫೈರಿಂಗ್ ಪಿನ್ನಿನ ಗುರುತು ಆಳವಾಗಿದೆಯೇ, ಉಗುರಿನಿಂದ ಗೀರಿದಂತೆ ಮೇಲುಮೇಲೆ ಇದೆಯೇ? ಆಳವಾಗಿದ್ದರೆ ತೋಟೆಯ ತಪ್ಪು, ಮೇಲುಮೇಲೆ ಇದ್ದರೆ ಬೋಲ್ಟಿನದು. ಬೋಲ್ಟಿಗೆ ಯಾವ ಎಣ್ಣೆ ಹಾಕುತ್ತೀರಿ?

ಕೂಳೂರು ಗುರಿಗಾರ | 15 ಸೆಪ್ಟೆಂಬರ್, ಬೆಳಿಗ್ಗೆ 7.10

ಕಾದೇ ತೆಗೆದದ್ದು. ಈಗ ದೀಪದ ಕೆಳಗೆ ಹಿಡಿದು ನೋಡಿದೆ, ಗುರುತು ಮೇಲುಮೇಲೆ ಇದೆ. ಎಣ್ಣೆ ಅಜ್ಜ ಹಾಕುತ್ತಿದ್ದದ್ದೇ, ತೆಂಗಿನೆಣ್ಣೆ.

ಮಲ್ಪೆ ಗಾಳಿ | ಬೆಳಿಗ್ಗೆ 7.25

ಕೋವಿಗೆ ತೆಂಗಿನೆಣ್ಣೆ ಬೇಡ ಮಾರಾಯರೇ! ತಿಂಗಳುಗಟ್ಟಲೆ ಇಟ್ಟರೆ ಅದು ಕಮಟಾಗಿ ಅಂಟಂಟಾಗುತ್ತದೆ. ಫೈರಿಂಗ್ ಪಿನ್ ಆ ಅಂಟಿನೊಳಗೆ ನಿಧಾನವಾಗಿ ಚಲಿಸಿದರೆ ಪೆಟ್ಟಿಗೆ ಬಲ ಎಲ್ಲಿಂದ ಬರಬೇಕು? ಬೋಲ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒರೆಸಿ, ಕೋವಿಯ ತೆಳು ಎಣ್ಣೆಯನ್ನು ಒಂದೇ ಹನಿ ಸವರಿ.

ಕಾರ್ಕಳ 50 ಮೀಟರ್ | ಬೆಳಿಗ್ಗೆ 7.41

ನಮ್ಮ ತಂದೆಯವರು ನಲವತ್ತು ವರ್ಷ ತೆಂಗಿನೆಣ್ಣೆಯನ್ನೇ ಹಾಕಿದರು, ಒಂದು ಈಡೂ ತಪ್ಪಿರಲಿಲ್ಲ. ಎಣ್ಣೆಯ ಮೇಲೆ ಗೂಬೆ ಕೂರಿಸಬೇಡಿ. ಲಾಟ್ ಬದಲಿಸಿ.

ಮಲ್ಪೆ ಗಾಳಿ | ಬೆಳಿಗ್ಗೆ 7.50

ತಂದೆಯವರ ಕೋವಿ ಹನ್ನೆರಡು ಬೋರಿನದ್ದಾಗಿರಬೇಕು. ಅದರ ಸ್ಪ್ರಿಂಗಿನ ಬಲಕ್ಕೂ ಪಾಯಿಂಟ್ 22ರ ಬೋಲ್ಟಿಗೂ ಹೋಲಿಕೆ ಇಲ್ಲ. ಕಡಲಿನಿಂದ ಒಂದು ಫರ್ಲಾಂಗು ದೂರದಲ್ಲಿ ಕೋವಿ ಇಟ್ಟುಕೊಂಡವನು ನಾನು. ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಎಂದು ದಿನವೂ ನೋಡುತ್ತಿದ್ದೇನೆ.

ಅಡಿಕೆ ತೋಟ ಪುತ್ತೂರು | ಬೆಳಿಗ್ಗೆ 9.15

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನಲ್ಲಿ ಬೆಳೆ ರಕ್ಷಣೆಯ ಒಂಟಿ ನಳಿಗೆಯ ಕೋವಿ ಇದೆ. ಮಂಗಗಳು ಬೊಂಡ ಉಳಿಸುವುದಿಲ್ಲ, ಹಂದಿಗಳು ಅಡಿಕೆ ಸಸಿಗಳನ್ನು ಬುಡಸಮೇತ ಕೀಳುತ್ತವೆ. ಪಾಯಿಂಟ್ 22ರ ಸದ್ದು ಕಡಿಮೆಯಂತೆ. ವಿದೇಶದವರು ಮೊಲ, ಅಳಿಲುಗಳ ಬೇಟೆಗೆ ಅದನ್ನೂ, ಪಾಯಿಂಟ್ 17 ಎಚ್‌ಎಂಆರ್ ಎಂಬುದನ್ನೂ ಬಳಸುತ್ತಾರೆ ಎಂದು ಓದಿದೆ. ನನಗೆ ಯಾವುದು ಒಳ್ಳೆಯದು?

ಮಲ್ಪೆ ಗಾಳಿ | ಬೆಳಿಗ್ಗೆ 9.40

ನಿಮ್ಮ ನಷ್ಟ ಅರ್ಥವಾಗುತ್ತದೆ, ನಮ್ಮ ಮಾವನ ತೋಟದ್ದೂ ಅದೇ ಕಥೆ. ಆದರೆ ಎರಡಕ್ಕೂ ಉತ್ತರ ಬೇಡ ಎಂದೇ. ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಮ್ಮೂರಿನ ಮಂಗ 2022ರ ತಿದ್ದುಪಡಿಯಲ್ಲಿ ಅತಿ ಹೆಚ್ಚು ರಕ್ಷಣೆಯ ಒಂದನೇ ಅನುಸೂಚಿಗೆ ಸೇರಿದೆ, ಅದನ್ನು ಕೊಂದರೆ ಕನಿಷ್ಠ 3 ವರ್ಷ ಸೆರೆ. ಕೋವಿಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಪ್ರಾಣಿ ಕೊಲ್ಲುವ ಅನುಮತಿ ಸಿಕ್ಕಂತಲ್ಲ. ಹಂದಿಯ ಹಾವಳಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಕಾನೂನನ್ನು ಬದಿಗಿಟ್ಟರೂ, ಪಾಯಿಂಟ್ 22ರ ಗುಂಡಿನ ಶಕ್ತಿ ಸುಮಾರು 140 ಜೂಲ್. ಅದು ಮೊಲಕ್ಕೆ ಸಾಕು, ಹಂದಿಗೆ ಬರೀ ಗಾಯ. ಗಾಯಗೊಂಡ ಹಂದಿ ಪೊದೆಯೊಳಗೆ ದಿನಗಟ್ಟಲೆ ನರಳುತ್ತದೆ, ಬೆಳಿಗ್ಗೆ ಹುಲ್ಲಿಗೆ ಹೋದವರ ಮೇಲೆ ಏರಿ ಬರುತ್ತದೆ. ಇನ್ನು ಮರದ ಮೇಲಿನ ಮಂಗಕ್ಕೆ ಗುರಿಯಿಟ್ಟು ತಪ್ಪಿದ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ನಮ್ಮಲ್ಲಿ ಗುಡ್ಡದ ಆಚೆಗೆಲ್ಲ ಮನೆಗಳೇ ಅಲ್ಲವೇ? ಸದ್ದು ಕಡಿಮೆ ಎಂದು ಈ ಗುಂಡನ್ನು ಹಗುರವಾಗಿ ಕಾಣಬೇಡಿ.

ಮಣಿಪಾಲ ಪ್ರೋನ್ | ಬೆಳಿಗ್ಗೆ 10.05

ಗುರಿಗಾರರೇ, ಹಳೆಯದನ್ನು ಕೊಟ್ಟು ಹೊಸ ಮ್ಯಾಚ್ ರೈಫಲ್ ತೆಗೆದುಕೊಳ್ಳುವುದೇ ಮೇಲು. ಅಥವಾ ಇದರ ಜೊತೆಗೆ ಇನ್ನೆರಡು ಇಟ್ಟುಕೊಳ್ಳಿ.

ಕಾರ್ಕಳ 50 ಮೀಟರ್ | ಬೆಳಿಗ್ಗೆ 10.12

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸದ ಪಾಯಿಂಟ್ 22ಕ್ಕೆ ವಿನಾಯಿತಿ ಇದೆ ನಿಜ, ಆದರೆ ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯಬೇಡಿ.

ನಿವೃತ್ತ ಫಿಟ್ಟರ್ ಸುರತ್ಕಲ್ | ಬೆಳಿಗ್ಗೆ 11.30

ನಿನ್ನೆಯಿಂದ ಓದುತ್ತಿದ್ದೇನೆ. ಗುರಿ ಹೊಡೆದ ಕಾಗದ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ತಮ್ಮಾ, ರಂಧ್ರಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿವೆಯೋ, ಸುತ್ತಲೂ ಚದುರಿವೆಯೋ, ಇಲ್ಲ ಎರಡು ಗುಂಪಾಗಿವೆಯೋ? ಮತ್ತೊಂದು ಪ್ರಶ್ನೆ: ಫೆಬ್ರವರಿಯಿಂದ ಸೆಪ್ಟೆಂಬರ್ ತನಕ ಕೋವಿ ಎಲ್ಲಿತ್ತು, ಯಾರು ಅದನ್ನು ಬಿಚ್ಚಿದರು?

ಕೂಳೂರು ಗುರಿಗಾರ | ಮಧ್ಯಾಹ್ನ 1.20

ಕಾಗದ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಎರಡು ಗುಂಪುಗಳಿವೆ! ಒಂದರಲ್ಲಿ ಮೂರು ರಂಧ್ರ, ಒಂದಕ್ಕೊಂದು ತಾಗಿಕೊಂಡಿವೆ. ಅದರ ಬಲಕ್ಕೆ, ಸ್ವಲ್ಪ ಮೇಲೆ, ಇನ್ನೆರಡು. ನಡುವೆ ಎರಡು ಬೆರಳಿಗಿಂತ ಹೆಚ್ಚು ಖಾಲಿ. ಉಳಿದ ಕಾಗದಗಳಲ್ಲೂ ಹೆಚ್ಚುಕಡಿಮೆ ಇದೇ ಚಿತ್ರ.

ಲೋಕಸಭೆ ಚುನಾವಣೆಗೆಂದು ಮಾರ್ಚಿನಲ್ಲಿ ಕೋವಿಯನ್ನು ಠಾಣೆಯಲ್ಲಿ ಇಟ್ಟಿದ್ದೆ. ಜೂನ್ ನಡುವಿನಲ್ಲಿ ಕೈಗೆ ಬಂತು, ಆಗಲೇ ಮಳೆ ಶುರುವಾಗಿತ್ತು. ನಳಿಗೆಯ ಅಡಿಯಲ್ಲಿ ತುಕ್ಕು ಹಿಡಿದಿರಬಹುದೆಂದು ಸ್ಟಾಕ್ ಬಿಚ್ಚಿ ಒರೆಸಿ ಮತ್ತೆ ಜೋಡಿಸಿದೆ. ಇದನ್ನೆಲ್ಲ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ನಿವೃತ್ತ ಫಿಟ್ಟರ್ ಸುರತ್ಕಲ್ | ಮಧ್ಯಾಹ್ನ 2.05

ತೋಟೆ ಕೆಟ್ಟಿದ್ದರೆ ಹೀಗೆ ಎರಡು ಮನೆ ಮಾಡಿಕೊಂಡು ಬೀಳುವುದು ಕಷ್ಟ. ವೇಗ ಹೆಚ್ಚುಕಡಿಮೆಯಾದರೆ ರಂಧ್ರಗಳು ಮೇಲೆ ಕೆಳಗೆ ಹೋಗುತ್ತವೆ. ಎರಡು ಗುಂಪು ಎಂದರೆ ಕಬ್ಬಿಣ ಮರದೊಳಗೆ ಎರಡು ಕಡೆ ಕೂರುತ್ತಿದೆ ಎಂದೇ ನಾನು ತಿಳಿಯುತ್ತೇನೆ. ಒಂದು ಈಡಿಗೆ ಇಲ್ಲಿ, ಮತ್ತೊಂದಕ್ಕೆ ಅಲ್ಲಿ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ? ಸ್ಟಾಕಿನದ್ದೂ ಅದೇ ಮರ. ಬೇಸಿಗೆಯಲ್ಲಿ ನಳಿಗೆಯ ಪಕ್ಕದಲ್ಲಿ ಇದ್ದ ಸಂದು ಈಗ ಮುಚ್ಚಿರುತ್ತದೆ.

ಬೋಲ್ಟ್ ಹೊರಗೆ ತೆಗೆಯಿರಿ, ತೋಟೆ ಕೂರುವ ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಬಸ್ ಟಿಕೆಟಿನಂಥ ತೆಳು ಕಾಗದದ ಪಟ್ಟಿಯನ್ನು ಸ್ಟಾಕಿನ ತುದಿಯಲ್ಲಿ ನಳಿಗೆಯ ಅಡಿಗೆ ಸಿಕ್ಕಿಸಿ, ಎರಡೂ ತುದಿ ಹಿಡಿದು ಹಿಂದಕ್ಕೆ ಎಳೆಯುತ್ತಾ ಬನ್ನಿ. ಎಲ್ಲಿ ನಿಲ್ಲುತ್ತದೆ, ಯಾವ ಬದಿಯಲ್ಲಿ ಕಚ್ಚುತ್ತದೆ, ಪೆನ್ಸಿಲಿನಿಂದ ಗುರುತು ಹಾಕಿ. ಆಮೇಲೆ ಕೋವಿಯನ್ನು ನೇರ ನಿಲ್ಲಿಸಿ, ನಳಿಗೆಯೂ ಮರದ ತುದಿಯೂ ಸೇರುವಲ್ಲಿ ಬೆರಳಿಟ್ಟು, ಕಬ್ಬಿಣವನ್ನು ಮರಕ್ಕೆ ಬಿಗಿಯುವ ಎರಡು ಸ್ಕ್ರೂಗಳಲ್ಲಿ ಮುಂದಿನದ್ದನ್ನು ಮೆಲ್ಲಗೆ ಸಡಿಲಿಸಿ. ಬೆರಳಿನ ಕೆಳಗೆ ನಳಿಗೆ ಏಳುವುದು ತಿಳಿದರೆ ಅದು ಬಿಗಿತಕ್ಕೆ ಬಾಗಿ ಕೂತಿತ್ತು ಎಂದರ್ಥ.

ಜೂನಿನಲ್ಲಿ ಸ್ಕ್ರೂ ಎಷ್ಟು ಬಿಗಿದಿರಿ?

ಕೂಳೂರು ಗುರಿಗಾರ | ಮಧ್ಯಾಹ್ನ 2.18

ಕೈಗೆ ಬಂದಷ್ಟು. ಹಿಂದಿನದ್ದು ಸಾಕಷ್ಟು ಬಿಗಿಯಿದೆ, ಮುಂದಿನದ್ದು ಅಷ್ಟು ತಿರುಗಲಿಲ್ಲ.

ಮಣಿಪಾಲ ಪ್ರೋನ್ | ಮಧ್ಯಾಹ್ನ 2.30

ಅಲ್ಯೂಮಿನಿಯಂ ಸ್ಟಾಕಿಗೆ ಈ ಗೋಳೇ ಇಲ್ಲ. ನನ್ನದು ಮೂರು ಮಳೆಗಾಲ ಕಂಡಿದೆ, ಒಂದು ಕೂದಲೆಳೆಯಷ್ಟೂ ಕದಲಿಲ್ಲ.

ಕಾರ್ಕಳ 50 ಮೀಟರ್ | ಮಧ್ಯಾಹ್ನ 2.52

ಫಿಟ್ಟರಣ್ಣನ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ಮರ ಉಬ್ಬಿದರೆ ತೋಟೆ ಯಾಕೆ ಸಿಡಿಯುವುದಿಲ್ಲ? ಅದಕ್ಕೆ ಉತ್ತರ ಬಂದಿಲ್ಲ. ತೋಟೆಗಳ ಅಂಚಿನ ದಪ್ಪ ಅಳೆದು ಬೇರ್ಪಡಿಸಿ ಹೊಡೆಯಿರಿ. ನಾನು ಹಾಗೆ ಮಾಡಿಯೇ ಸ್ಪರ್ಧೆಗೆ ಹೋಗುವುದು.

ನಿವೃತ್ತ ಫಿಟ್ಟರ್ ಸುರತ್ಕಲ್ | ಮಧ್ಯಾಹ್ನ 3.10

ಎರಡು ರೋಗಕ್ಕೆ ಒಂದೇ ಮದ್ದು ಹುಡುಕಬೇಡಿ. ಸಿಡಿಯದಿರುವುದಕ್ಕೆ ಮಲ್ಪೆಯವರು ಹೇಳಿದ್ದನ್ನು ಮಾಡಲಿ, ಚದುರುವುದಕ್ಕೆ ನಾನು ಹೇಳಿದ್ದನ್ನು. ತೋಟೆ ಮಾತ್ರ ಹಳೆಯ ಲಾಟೇ ಇರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ತಮ್ಮಾ, ಎರಡೂ ಸ್ಕ್ರೂ ಸಡಿಲಿಸಿ, ಕೋವಿಯ ಹಿಂಭಾಗವನ್ನು ನೆಲಕ್ಕೆ ಮೆತ್ತಗೆ ತಟ್ಟಿ ಕಬ್ಬಿಣವನ್ನು ಹಿಂದಕ್ಕೆ ಕೂರಿಸಿ. ಮೊದಲು ಮುಂದಿನದ್ದನ್ನು ಬಿಗಿಯಿರಿ, ಆಮೇಲೆ ಹಿಂದಿನದ್ದನ್ನು. ಅಳತೆಯ ಸ್ಕ್ರೂಡ್ರೈವರ್ ಕ್ಲಬ್ಬಿನಲ್ಲಿದ್ದರೆ ಸುಮಾರು 2.5 ನ್ಯೂಟನ್ ಮೀಟರಿನಿಂದ ಶುರು ಮಾಡಿ. ಮರವನ್ನು ಜಜ್ಜಬೇಡಿ.

ನಿರ್ವಾಹಕರು | ಸಂಜೆ 5.00

ಮಂಗ, ಹಂದಿಗಳ ಕುರಿತು ಬಂದ ಹನ್ನೊಂದು ಪ್ರತಿಕ್ರಿಯೆಗಳನ್ನು ಬೆಳೆ ರಕ್ಷಣೆಯ ವಿಭಾಗಕ್ಕೆ ಸಾಗಿಸಲಾಗಿದೆ. ಇಲ್ಲಿ ರೈಫಲ್ಲಿನ ಚರ್ಚೆ ಮುಂದುವರಿಯಲಿ.

ಕೂಳೂರು ಗುರಿಗಾರ | 22 ಸೆಪ್ಟೆಂಬರ್, ಸಂಜೆ 6.45

ಈಗಷ್ಟೇ ರೇಂಜಿನಿಂದ ಬಂದೆ. ಕಾಗದದ ಪಟ್ಟಿ ಎಡಬದಿಯಲ್ಲಿ, ಸ್ಟಾಕಿನ ತುದಿಯಿಂದ ನಾಲ್ಕು ಬೆರಳು ಒಳಗೆ ಕಚ್ಚಿ ನಿಂತಿತು, ಎಳೆದಾಗ ಹರಿದೇಹೋಯಿತು. ಮುಂದಿನ ಸ್ಕ್ರೂ ಸಡಿಲಿಸುವಾಗ ನಳಿಗೆ ಎದ್ದದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು. ಆ ಕ್ಷಣ ಮೈ ಜುಮ್ಮೆಂದಿತು ಅಣ್ಣಾ, ಏಳು ದಿನ ನಿದ್ದೆಗೆಡಿಸಿದ್ದು ಅಲ್ಲೇ ಇತ್ತು.

ನೀವು ಹೇಳಿದಂತೆ ಕೂರಿಸಿ, ಹಳೆಯ ಲಾಟಿನ 40 ತೋಟೆ ಹೊಡೆದೆ. ಐದೈದರ ಎಂಟು ಕಾಗದಗಳಲ್ಲಿ ಆರು ಮತ್ತೆ ಹತ್ತು ರೂಪಾಯಿ ನಾಣ್ಯದ ಸುತ್ತಳತೆಗೆ ಬಂದಿವೆ. ಎರಡರಲ್ಲಿ ಒಂದೊಂದು ಗುಂಡು ಬಲಕ್ಕೆ ಹಾರಿದೆ, ಮೊದಲಿನಷ್ಟು ದೂರಕ್ಕಲ್ಲ. ಬೋಲ್ಟನ್ನೂ ತೊಳೆದಿದ್ದೆ, ಒಳಗಿನಿಂದ ಬೆಲ್ಲದ ಪಾಕದಂಥದ್ದು ಬಂತು. ಆದರೂ ಒಂದು ತೋಟೆ ಸಿಡಿಯಲಿಲ್ಲ.

ಕಾರ್ಕಳ 50 ಮೀಟರ್ | ಸಂಜೆ 7.02

ಆ ಒಂದು ತೋಟೆಯನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಪಿನ್ನಿನ ಗುರುತು ನೋಡಿದಿರಾ?

ಕೂಳೂರು ಗುರಿಗಾರ | ಸಂಜೆ 7.09

ನೋಡಿದೆ. ಈ ಸಲ ಆಳವಾಗಿಯೇ ಇದೆ. ಸ್ಪರ್ಧೆಗೆ ಬೇರೆ ಲಾಟಿನ ಎರಡು ಪೆಟ್ಟಿಗೆ ತರುತ್ತೇನೆ ಸರ್. ಫಿಟ್ಟರಣ್ಣ, ಎಡಬದಿಯಲ್ಲಿ ಕಚ್ಚುವ ಕಡೆ ಮರವನ್ನು ಮರಳು ಕಾಗದದಿಂದ ಈಗಲೇ ಉಜ್ಜಿಬಿಡಲೇ?

ನಿವೃತ್ತ ಫಿಟ್ಟರ್ ಸುರತ್ಕಲ್ | ರಾತ್ರಿ 8.15

ಈಗ ಬೇಡ. ಉಬ್ಬಿದ ಮರವನ್ನು ಉಜ್ಜಿದರೆ ಬೇಸಿಗೆಯಲ್ಲಿ ಸಂದು ಎಷ್ಟಾಗುತ್ತದೆ ಎಂದು ಲೆಕ್ಕ ಸಿಗುವುದಿಲ್ಲ. ಪೆನ್ಸಿಲ್ ಗುರುತು ಅಳಿಸದಿರಿ. ಡಿಸೆಂಬರ್ ಕಳೆದು ಮರ ಒಣಗಿದ ಮೇಲೆ ಸ್ಟಾಕನ್ನು ಮನೆಗೆ ತನ್ನಿ, ನಳಿಗೆ ಕೂರುವ ತೋಡನ್ನು ಇಬ್ಬರೂ ಸೇರಿ ನೋಡೋಣ. ಆ ಒಳಭಾಗಕ್ಕೆ ವಾರ್ನಿಷ್ ಮುಟ್ಟಿಯೇ ಇರುವುದಿಲ್ಲ, ನೀರು ಕುಡಿಯುವುದು ಅಲ್ಲಿಂದಲೇ. ಅಲ್ಲಿಯವರೆಗೆ ಪ್ರತಿ ಸಲ ರೇಂಜಿಗೆ ಹೋಗುವ ಮೊದಲು ಬಸ್ ಟಿಕೆಟ್ ಎಳೆದು ನೋಡಿ.