ಎಲ್‌ಕೆಜಿಯಲ್ಲಿ ಹಾಜರಿಗೇ ಅರ್ಧ ಗಂಟೆ ಹೋಗುತ್ತಿದೆ, ಏನು ಮಾಡಲಿ?

ಕಾಗಿಣಾ ದಂಡೆ, ಸೇಡಂ:

ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್‌ಕೆಜಿಗೆ ಈ ಜೂನ್‌ನಿಂದ ಅತಿಥಿ ಶಿಕ್ಷಕಿಯಾಗಿ ಬಂದಿದ್ದೇನೆ. ನಾಲ್ಕು ವರ್ಷ ತುಂಬಿದ 26 ಮಕ್ಕಳಿದ್ದಾರೆ. ಅಕ್ಕಂದಿರ ಕೈಹಿಡಿದು ಬರುವವರು ಒಂಬತ್ತೂವರೆಗೇ ಬಂದು ಕುಳಿತಿರುತ್ತಾರೆ. ತಾಯಿ ತೊಗರಿ ಹೊಲಕ್ಕೆ ಕಳೆ ಕೀಳಲು ಹೋಗುವ ಮನೆಗಳ ಮಕ್ಕಳನ್ನು ಅಜ್ಜಿಯರು ತಮ್ಮ ಕೆಲಸ ಮುಗಿಸಿ ಹತ್ತೂವರೆಗೆ ತಂದು ಬಿಡುತ್ತಾರೆ.

ನಡುವಿನ ಆ ಒಂದು ಗಂಟೆಯೇ ನನಗೆ ತೊಡಕಾಗಿದೆ. ಹಾಜರಿ ಪುಸ್ತಕ ತೆರೆದು ಹೆಸರು ಕರೆದರೆ ಅರ್ಧದಷ್ಟು ಮಕ್ಕಳು ಓಗೊಡುವುದಿಲ್ಲ. ಮನೆಯಲ್ಲಿ ಚಿನ್ನಿ, ಬುಜ್ಜಿ ಎಂದೇ ಕರೆಸಿಕೊಂಡವರಿಗೆ ದಾಖಲಾತಿಯ ಹೆಸರು ತಮ್ಮದೆಂಬುದೇ ತಿಳಿಯದು. ಎಂಟು ಮಕ್ಕಳ ಮನೆಮಾತು ತೆಲುಗು. ತಾಂಡಾದಿಂದ ಬರುವ ಐವರು ಲಂಬಾಣಿ ಮಾತನಾಡುತ್ತಾರೆ. ತಡವಾಗಿ ಬಂದ ಮಗು ಅತ್ತರೆ, ಅಷ್ಟು ಹೊತ್ತು ಸುಮ್ಮನಿದ್ದ ಮೂವರು ಹೊಸದಾಗಿ ಅಳಲು ತೊಡಗುತ್ತಾರೆ. ನಮ್ಮ ಮುಖ್ಯ ಗುರುಗಳು, ‘ಬಂದ ಕೂಡಲೇ ಪಾಟಿ ಕೊಟ್ಟು ಅ, ಆ ತಿದ್ದಿಸಿರಿ, ಗದ್ದಲ ತಾನಾಗಿ ನಿಲ್ಲುತ್ತದೆ’ ಎನ್ನುತ್ತಾರೆ. ಗದ್ದಲವೇನೋ ನಿಂತೀತು, ಆದರೆ ಆ ದಾರಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿರಿ.

ಹತ್ತಿಕುಣಿ, ಯಾದಗಿರಿ:

ಅಕ್ಕೋರೆ, ಅಂಗನವಾಡಿಯಲ್ಲಿ 19 ವರ್ಷ ಕಳೆದವಳು ನಾನು. ಹೆಸರು ಕರೆಯುವುದನ್ನೇ ಬಿಟ್ಟುಬಿಡಿರಿ, ಮಗು ತನ್ನ ಹಾಜರಿಯನ್ನು ತಾನೇ ಹಾಕಿಕೊಳ್ಳಲಿ. ಬಾಗಿಲ ಪಕ್ಕದ ಗೋಡೆಗೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಎರಡು ಹಗ್ಗ ಕಟ್ಟಿರಿ. ಒಂದು ‘ಮನೆ’, ಇನ್ನೊಂದು ‘ಶಾಲೆ’. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಪ್ರತಿ ಮಗುವಿಗೂ ಒಂದು ಚಿತ್ರ ಬರೆದು, ಕೆಳಗೆ ದೊಡ್ಡದಾಗಿ ಹೆಸರು ಬರೆಯಿರಿ. ಮಗು ಒಳಗೆ ಬಂದೊಡನೆ ತನ್ನ ಚೀಟಿಯನ್ನು ಮನೆಯ ಹಗ್ಗದಿಂದ ಬಿಡಿಸಿ ಶಾಲೆಯ ಹಗ್ಗಕ್ಕೆ ಸಿಕ್ಕಿಸಬೇಕು. ಬಟ್ಟೆ ಒಣಹಾಕುವ ಕ್ಲಿಪ್ಪನ್ನೇ ಬಳಸಿರಿ. ಅದನ್ನು ಒತ್ತುವಾಗ ದುಡಿಯುವುದು ಹೆಬ್ಬೆರಳು ಮತ್ತು ತೋರುಬೆರಳು, ಮುಂದೆ ಬಳಪ ಹಿಡಿಯಬೇಕಾದವೂ ಅವೇ.

ಎಲ್ಲರೂ ಬಂದ ಮೇಲೆ ವೃತ್ತದಲ್ಲಿ ಕುಳಿತು, ಮನೆಯ ಹಗ್ಗದಲ್ಲಿ ಎಷ್ಟು ಉಳಿದಿವೆ ಎಂದು ಒಟ್ಟಾಗಿ ಎಣಿಸಿರಿ. ಬಾರದವರ ಎಣಿಕೆ ಸಾಮಾನ್ಯವಾಗಿ ಐದಾರರೊಳಗೆ ಇರುವುದರಿಂದ ಆ ವಯಸ್ಸಿಗೆ ಅದು ನಿಲುಕುತ್ತದೆ. ಹಾಜರಿ ಪುಸ್ತಕವನ್ನು ಅವರು ಆಡುವ ಹೊತ್ತಿನಲ್ಲಿ ನೀವು ತುಂಬಿಕೊಳ್ಳಬಹುದು. ದೀಪಾವಳಿಯ ನಂತರ ಚಿತ್ರವನ್ನು ಚಿಕ್ಕದು ಮಾಡುತ್ತ ಬಂದರೆ ಹೆಸರಿನ ಆಕಾರವೇ ಗುರುತಾಗುತ್ತದೆ.

ಚಿತ್ರವನ್ನು ಮಾತ್ರ ನೋಡಿ ಆರಿಸಿರಿ. ಒಬ್ಬ ಹುಡುಗನಿಗೆ ನಾನು ಬದನೆಕಾಯಿ ಬರೆದುಕೊಟ್ಟು, ಓಣಿಯವರೆಲ್ಲ ಅವನನ್ನು ವರ್ಷವಿಡೀ ‘ಬದನಿಕಾಯಿ’ ಎಂದು ಕರೆಯುವಂತೆ ಮಾಡಿದ್ದೆ!

ಮಾಂಜ್ರಾ ತೀರ, ಬೀದರ್:

ಖಾಸಗಿ ಶಾಲೆಯೊಂದರಲ್ಲಿ ಯುಕೆಜಿ ನೋಡಿಕೊಳ್ಳುತ್ತೇನೆ. ಚೀಟಿಯ ಉಪಾಯ ಒಳ್ಳೆಯದೇ, ಆದರೆ ಚೀಟಿ ಸಿಕ್ಕಿಸಲು ಒಂದು ನಿಮಿಷ ಸಾಕು. ಒಂಬತ್ತೂವರೆಗೆ ಬಂದ ಮಗು ಉಳಿದ ಐವತ್ತೊಂಬತ್ತು ನಿಮಿಷ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೈಗೆ ಕೆಲಸ ಬೇಕು. ಯಾವಾಗ ಬಂದರೂ ಸೇರಿಕೊಳ್ಳುವಂಥದ್ದು, ಯಾವಾಗ ನಿಲ್ಲಿಸಿದರೂ ಕೆಡದಂಥದ್ದು ಬೇಕು. ಮೊದಲು ನಾನು ತೊಗರಿ, ಕಡಲೆ ಬೆರೆಸಿಕೊಟ್ಟು ಬೇರ್ಪಡಿಸಲು ಹೇಳುತ್ತಿದ್ದೆ. ಒಂದು ದಿನ ಒಬ್ಬಳು ತೊಗರಿ ಕಾಳನ್ನು ಮೂಗಿನೊಳಗೆ ಏರಿಸಿಕೊಂಡು, ಅದನ್ನು ತೆಗೆಸಲು ವೈದ್ಯರ ಬಳಿಗೆ ಓಡಬೇಕಾಯಿತು. ಅಂದಿನಿಂದ ಬಾಟಲಿಯ ಅಗಲವಾದ ಮುಚ್ಚಳಗಳನ್ನು ಬಣ್ಣದ ಪ್ರಕಾರ ಜೋಡಿಸಲು ಕೊಡುತ್ತೇನೆ.

ನಿಮ್ಮ ಕೋಣೆಗೆ ಶಹಾಬಾದ್ ಕಲ್ಲಿನ ನೆಲವಿದ್ದರೆ ಅದಕ್ಕಿಂತ ದೊಡ್ಡ ಪಾಟಿ ಬೇರೆ ಬೇಡ. ಒಂದು ಮಗುವಿಗೆ ಒಂದು ಕಲ್ಲು ಎಂದು ಗೊತ್ತುಮಾಡಿದರೆ, ಕಲ್ಲುಗಳ ಸಂದಿನ ಗೆರೆಯೇ ಗಡಿಯಾಗಿ ಜಗಳ ಅರ್ಧ ಕಡಿಮೆಯಾಗುತ್ತದೆ. ಬಟ್ಟಲಲ್ಲಿ ಸ್ವಲ್ಪ ನೀರು ಕೊಡಿರಿ. ಬೆರಳು ಅದ್ದಿ ಎಳೆದಲ್ಲಿ ಬೂದು ಕಲ್ಲು ಕಪ್ಪಾಗುತ್ತದೆ, ನೋಡನೋಡುತ್ತಿದ್ದಂತೆ ಗೆರೆ ಒಂದು ತುದಿಯಿಂದ ಮಾಯವಾಗತೊಡಗುತ್ತದೆ, ಮಗು ಅದನ್ನು ಹಿಡಿದು ನಿಲ್ಲಿಸುವವರಂತೆ ಮತ್ತೆ ಮತ್ತೆ ತಿದ್ದುತ್ತದೆ. ಸಾಮಾನ್ಯವಾಗಿ ಮೂರರ ಸುಮಾರಿಗೆ ದುಂಡು, ನಾಲ್ಕರ ಸುಮಾರಿಗೆ ಕೂಡಿಸುವ ಚಿಹ್ನೆ, ಐದರ ಹೊತ್ತಿಗೆ ಚೌಕ ನೋಡಿ ಬರೆಯಲು ಬರುತ್ತದೆ. ಚೌಕವೇ ಮೂಡದ ಕೈಗೆ, ಒಳಗೆ ಸುತ್ತಿ ಹೊರಗೆ ತಿರುಗುವ ‘ಅ’ ತಿದ್ದಿಸಿದರೆ ಅದು ಶಿಕ್ಷೆಯೇ ಸರಿ. ಮುಂದೆ ಅಕ್ಷರಕ್ಕೆ ಇಳಿದಾಗಲೂ ರ, ಗ, ಸ ಮೊದಲಾಗಲಿ.

ಅಳುವ ತೆಲುಗು ಮಗುವಿಗೆ ಬಾಗಿಲಲ್ಲಿ ‘ರಾ, ಕೂಸೋ’ ಎಂದು ಹೇಳಿ ನೋಡಿರಿ. ಕನ್ನಡ ಹೇಗೂ ಬರುತ್ತದೆ.

ನಿವೃತ್ತ ಮುಖ್ಯ ಗುರು, ಕಲಬುರಗಿ:

ನಿಮ್ಮ ಮುಖ್ಯ ಗುರುಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು ತಂಗಿ. ಪಾಲಕರು ಬಂದು ‘ಏನು ಬರೆಸಿದ್ದೀರಿ, ತೋರಿಸಿರಿ’ ಎಂದು ನಿಲ್ಲುವುದು ಅವರ ಮೇಜಿನ ಮುಂದೆಯೇ ಹೊರತು ನಿಮ್ಮ ಮುಂದಲ್ಲ. ಆದ್ದರಿಂದ ವಾದಕ್ಕೆ ಇಳಿಯದೆ ಅವರ ಕೈಗೆ ಎರಡು ಉತ್ತರ ಕೊಡಿರಿ. ಮೊದಲನೆಯದು, ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿರುವುದರಿಂದ ನಿಮ್ಮ ಮಕ್ಕಳಿಗೆ ಇನ್ನೂ ಎರಡು ವರ್ಷದಷ್ಟು ಸಮಯವಿದೆ. ಎರಡನೆಯದು, 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ. ಆ ಹಂತಕ್ಕಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟದ ಮೂಲಕ, ಸಾಧ್ಯವಾದಷ್ಟೂ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳುತ್ತದೆ. ತಿಂಗಳಿಗೊಮ್ಮೆ ಪಾಲಕರನ್ನು ಬೆಳಗಿನ ಹೊತ್ತಿಗೇ ಕರೆದು ಆ ಹಗ್ಗದ ಬಳಿ ನಿಲ್ಲಿಸಿರಿ. ತಡವಾಗಿ ಕರೆತರುವ ಅಜ್ಜಿಯರೂ ಅಂದು ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಕಾಗಿಣಾ ದಂಡೆ, ಸೇಡಂ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಗ್ಗ ಕಟ್ಟಿದ್ದೇನೆ; ಒಬ್ಬೊಬ್ಬರಿಗೆ ಒಂದೊಂದು ಕಲ್ಲನ್ನೂ ಗೊತ್ತುಮಾಡಿದ್ದೇನೆ. ಮುಚ್ಚಳ ಜೋಡಿಸುವ ಆಟ ಎರಡೇ ದಿನಕ್ಕೆ ಬೇಸರವಾಯಿತು, ನೀರಿನ ಗೆರೆ ಮಾತ್ರ ಇನ್ನೂ ಬೇಸರವಾಗಿಲ್ಲ. ಅಳು ಪೂರ್ತಿ ನಿಂತಿಲ್ಲ, ಆದರೆ ಅಳುತ್ತಲೇ ಬಂದವರೂ ಮೊದಲು ಚೀಟಿ ಸಿಕ್ಕಿಸಿ ಆಮೇಲೆ ಅಳುತ್ತಾರೆ. ಮುಖ್ಯ ಗುರುಗಳು ಒಪ್ಪಿದ್ದಾರೆಂದು ಹೇಳಲಾರೆ. ಪಾಟಿಯ ಮಾತನ್ನಂತೂ ಮತ್ತೆ ಎತ್ತಿಲ್ಲ.

ಹೋದ ಸೋಮವಾರ ಒಂದು ತೊಡಕಾಯಿತು. ಗಿಳಿಯ ಚಿತ್ರದ ಹುಡುಗಿಯನ್ನು ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದಾರೆ. ಎಣಿಸುವಾಗ ಅವಳ ಗೆಳತಿ ಎದ್ದು ನಿಂತು, ‘ಅಕ್ಕೋರೆ, ಆಕಿ ಮನ್ಯಾಗೂ ಇಲ್ಲಲ್ರಿ’ ಎಂದಳು. ಈಗ ಮೂರನೆಯ ಹಗ್ಗವೊಂದನ್ನು ಕಟ್ಟಿ ‘ಬ್ಯಾರೆ ಊರು’ ಎಂದು ಬರೆದಿದ್ದೇವೆ. ಅದರಲ್ಲಿ ಸದ್ಯಕ್ಕೆ ಗಿಳಿಯೊಂದೇ ಇದೆ.